ನಕಲು ಗಡಿಯಾರ ಮತ್ತು ಸಣ್ಣ ದೋಷಗಳ ಲೆಕ್ಕ

ಮದುವೆಯ ಹಂಗಾಮು ಸಮೀಪಿಸಿತೆಂದರೆ ಅರಕೇರಾ, ದೇವದುರ್ಗ, ಮಾನ್ವಿಗಳ ಗಡಿಯಾರದ ಅಂಗಡಿಗಳಿಗೆ ಕಳೆ ಬರುತ್ತದೆ. ಅಳಿಯನಿಗೆ ಕೈಗಡಿಯಾರ ತೊಡಿಸುವ ವಾಡಿಕೆ ನಮ್ಮ ಭಾಗದಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹಿಂದೆ ಆ ಸ್ಥಾನದಲ್ಲಿ ಎಚ್.ಎಂ.ಟಿ. ಇತ್ತು, ಅನಂತರ ಟೈಟಾನ್ ಬಂದಿತು. ಈಚಿನ ವರ್ಷಗಳಲ್ಲಿ, ನಾಡಿನ ಇತರ ಪೇಟೆಗಳಲ್ಲಿ ಆಗಿರುವಂತೆಯೇ, ನಮ್ಮಲ್ಲಿಯೂ ಗಾಜಿನ ಪೆಟ್ಟಿಗೆಯ ಮೂಲೆಯೊಂದರಲ್ಲಿ ರೋಲೆಕ್ಸ್, ಒಮೆಗಾ, ಟ್ಯಾಗ್ ಹೋಯರ್ ಎಂಬ ಹೆಸರುಗಳು ಕಾಣತೊಡಗಿವೆ. ಅಧಿಕೃತ ಮಳಿಗೆಯಲ್ಲಿ ಲಕ್ಷಗಟ್ಟಲೆ ಬೆಲೆಬಾಳುವ ವಸ್ತು ಇಲ್ಲಿ ಒಂದೆರಡು ಸಾವಿರ ರೂಪಾಯಿಗೆ ದೊರೆಯುತ್ತದೆಂದರೆ ಅದು ಏನೆಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಇಬ್ಬರ ಸಂಕೋಚವನ್ನೂ ಮುಚ್ಚಲು 'ಫಸ್ಟ್ ಕಾಪಿ' ಎಂಬ ಗೌರವಯುಕ್ತ ನಾಮಧೇಯವೊಂದು ಚಾಲ್ತಿಗೆ ಬಂದಿದೆ.

ಈ ಲೇಖಕನು ಯಾರಿಗೂ ಉಪದೇಶ ಮಾಡುವ ಅರ್ಹತೆ ಉಳ್ಳವನಲ್ಲ. ಹತ್ತಿಯ ವ್ಯಾಪಾರ ನನ್ನ ವೃತ್ತಿ, ಗಡಿಯಾರಗಳು ನನ್ನ ಹುಚ್ಚು. ಕೆಲವು ವರ್ಷಗಳ ಹಿಂದೆ ಪ್ರವಾಸದಲ್ಲಿದ್ದಾಗ ದೊಡ್ಡ ನಗರವೊಂದರ ಪೇಟೆಯಲ್ಲಿ ಇಂಥದೇ ಒಂದು ಗಡಿಯಾರವನ್ನು ತಿಳಿದೂ ತಿಳಿದೂ ಕೊಂಡೆ. ತಾರೀಖಿನ ಚಕ್ರವು ಮಧ್ಯರಾತ್ರಿಗೆ ಬದಲಾಗುವ ಬದಲು ರಾತ್ರಿ ಹತ್ತೂವರೆಗೇ ಬದಲಾಗುತ್ತಿತ್ತು. ಹನ್ನೆರಡರ ಗುರುತು ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಕೈ ಅಲುಗಿಸಿದರೆ ಒಳಗಿನ ತಿರುಗುಪಟ್ಟಿ ಗಲಗಲ ಸದ್ದು ಮಾಡುತ್ತಿತ್ತು. ಇಷ್ಟನ್ನೂ ನಾನು ಒಂದು ವರ್ಷ ಕಾಲ ಸಹಿಸಿಕೊಂಡೆ. ಅಷ್ಟೇ ಅಲ್ಲ, ಸ್ನೇಹಿತರ ಮುಂದೆ ಸಮರ್ಥಿಸಿಯೂ ಕೊಂಡೆ. ಕೊನೆಗೆ ಅದನ್ನು ಸರಿಪಡಿಸಿ ಇನ್ನಷ್ಟು 'ಅಸಲಿ' ಮಾಡಿಸಬೇಕೆಂಬ ಆಸೆಯಿಂದ ಅರಕೇರಾದ ಗಡಿಯಾರ ದುರಸ್ತಿಗಾರರೊಬ್ಬರ ಬಳಿಗೆ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದು ನೋಡಿ, "ಯಂತ್ರ ಪರವಾಗಿಲ್ಲ ಸಾಹುಕಾರ್ರೇ, ಸುಳ್ಳು ಬರೆದಿರೋದು ಮ್ಯಾಲಿನ ತಟ್ಟೆ ಮ್ಯಾಲೆ" ಎಂದರು. ಈ ಲೇಖನದ ಮೂಲ ಆ ಮಾತು.

ದೋಷವೆಂಬುದು ಎಷ್ಟು?

ಗಡಿಯಾರದ ವ್ಯಾಪಾರದಲ್ಲಿ ದೋಷವಿಲ್ಲದ ವಸ್ತು ಎಂಬುದೇ ಇಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಒಂದು ದಿನಕ್ಕೆ 86,400 ಸೆಕೆಂಡುಗಳು. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೊಮೀಟರ್ ಪರೀಕ್ಷಾ ಸಂಸ್ಥೆಯು ಸ್ಪ್ರಿಂಗಿನಿಂದ ನಡೆಯುವ ಗಡಿಯಾರಕ್ಕೆ ಪ್ರಮಾಣಪತ್ರ ನೀಡುವಾಗಲೂ ದಿನವೊಂದಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಲು ಅವಕಾಶ ಕೊಡುತ್ತದೆ. ಜಪಾನಿನ ಸೀಕೊ ಸಮೂಹವು ಬಿಡಿಯಾಗಿ ಮಾರುವ, ಜಗತ್ತಿನ ನೂರಾರು ಸಣ್ಣ ತಯಾರಕರು ಬಳಸುವ ಎನ್.ಎಚ್.35 ಎಂಬ ಸ್ವಯಂಚಾಲಿತ ಯಂತ್ರಕ್ಕೆ ತಯಾರಕರೇ ಘೋಷಿಸಿರುವ ಮಿತಿ ದಿನಕ್ಕೆ 20 ಸೆಕೆಂಡು ಹಿಂದೆ, 40 ಸೆಕೆಂಡು ಮುಂದೆ. 40 ಸೆಕೆಂಡು ಎಂದರೆ ಇಡೀ ದಿನದ ನೂರಕ್ಕೆ 0.05 ಭಾಗಕ್ಕೂ ಕಡಿಮೆ. ಅದೇ ಹೊತ್ತಿಗೆ, ಕೆಲವು ನೂರು ರೂಪಾಯಿಯ ಸಾಧಾರಣ ಕ್ವಾರ್ಟ್ಜ್ ಗಡಿಯಾರವು ತಿಂಗಳಿಗೆ ಸುಮಾರು 15 ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ. ಅಂದರೆ ಲಕ್ಷಾಂತರ ರೂಪಾಯಿಯ ಸ್ವಿಸ್ ಗಡಿಯಾರವನ್ನು ಯಾರೂ ಕೇವಲ ಹೊತ್ತು ನೋಡಲು ಕೊಳ್ಳುವುದಿಲ್ಲ. ಕುಶಲತೆಗೆ, ಅಂದಕ್ಕೆ, ಹೆಸರಿಗೆ ಬೆಲೆ ಕೊಡುತ್ತಾರೆ.

ದೋಷವನ್ನು ಸಹಿಸುವುದು ನಮ್ಮ ಜಿಲ್ಲೆಯ ವ್ಯಾಪಾರಿಗಳಿಗೆ ಹೊಸ ಸಂಗತಿಯೇನಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಮಾಲು ತರುವ ಪ್ರತಿಯೊಬ್ಬನಿಗೂ ತೇವಾಂಶದ ಲೆಕ್ಕ ಗೊತ್ತಿದೆ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಯಲ್ಲಿ ಕೊಳ್ಳುವಾಗ ಶೇಕಡಾ 8ರ ತೇವಾಂಶವನ್ನು ಆಧಾರವಾಗಿಟ್ಟುಕೊಂಡು, ಶೇಕಡಾ 12ರವರೆಗೂ ಬೆಲೆಯಲ್ಲಿ ಕಡಿತ ಮಾಡಿ ಸ್ವೀಕರಿಸುತ್ತದೆ. ಅದನ್ನು ದಾಟಿದರೆ ನಿರಾಕರಿಸುತ್ತದೆ. ಇಲ್ಲಿ ದೋಷವಿದೆ, ದೋಷಕ್ಕೆ ಅಳತೆಯಿದೆ, ಅಳತೆಗೆ ತಕ್ಕ ಬೆಲೆಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಇಬ್ಬರಿಗೂ ಮೊದಲೇ ತಿಳಿದಿದೆ. ಎನ್.ಎಚ್.35 ಯಂತ್ರದ 40 ಸೆಕೆಂಡು ಇದೇ ಜಾತಿಗೆ ಸೇರಿದ್ದು.

ನಕಲು ಗಡಿಯಾರದ ದೋಷ ಈ ಜಾತಿಯದಲ್ಲ. ಅದರ ಅಳತೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅದನ್ನು ತಯಾರಿಸಿದವನು ಯಾರೆಂಬುದೇ ಗೊತ್ತಿಲ್ಲ. ಹಲಗೆಯ ಮೇಲೆ ಮೂರು ಪುಟ್ಟ ಉಪತಟ್ಟೆಗಳಿರುತ್ತವೆ, ಅಗ್ಗದ ಮಾಲಿನಲ್ಲಿ ಅವು ಬರಿಯ ಚಿತ್ರಗಳು, ಮುಳ್ಳುಗಳು ಎಂದಿಗೂ ತಿರುಗವು. ಹಿಂಬದಿಯಲ್ಲಿ ನೀರು ತಡೆಯುವ ಶಕ್ತಿ 300 ಮೀಟರ್ ಎಂದು ಕೆತ್ತಿರುತ್ತದೆ, ಒಮ್ಮೆ ಮಳೆಯಲ್ಲಿ ನೆನೆದರೆ ಗಾಜಿನ ಒಳಗೆ ಆವಿ ಕಟ್ಟುತ್ತದೆ. ಬಂಗಾರದ ಲೇಪ ನಮ್ಮ ಬೇಸಗೆಯ ಬೆವರಿಗೆ ಒಂದೆರಡು ತಿಂಗಳಲ್ಲಿ ಸವೆದು ಅಡಿಯ ಲೋಹ ಕಾಣಿಸುತ್ತದೆ. ಅದರಲ್ಲಿ ನಿಕ್ಕಲ್ ಇದ್ದರೆ ಕೆಲವರ ಮಣಿಕಟ್ಟಿನಲ್ಲಿ ತುರಿಕೆಯೂ ಏಳುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಉಷ್ಣ ಮತ್ತು ಹತ್ತಿಯ ಮಿಲ್ಲುಗಳ ದೂಳು ಎರಡೂ ಸೇರಿದರೆ ಒಳ್ಳೆಯ ಗಡಿಯಾರದ ಎಣ್ಣೆಯೇ ಬೇಗ ಕೆಡುತ್ತದೆ. ತಿರುಪಿನ ಬಳಿ ರಬ್ಬರಿನ ಉಂಗುರವೇ ಸರಿಯಾಗಿ ಕೂರದ ಮಾಲಿನ ಗತಿಯನ್ನು ಹೇಳಬೇಕಾಗಿಲ್ಲ. ದುರಸ್ತಿಗೆ ಬಂದಾಗ ಗ್ರಾಹಕನು ಬೈಯುವುದು ಕಾಣದ ತಯಾರಕನನ್ನಲ್ಲ, ಮೇಜಿನ ಆಚೆ ಕೂತ ನಮ್ಮನ್ನೇ.

ಮಾರ್ಪಾಟಿನ ಹಂಬಲ

ಇಂಥ ಗಡಿಯಾರವನ್ನು ಕೊಂಡವರಲ್ಲಿ ಒಂದು ವರ್ಗ ಅದನ್ನು ಹಾಗೆಯೇ ಬಿಡುವುದಿಲ್ಲ. ಪಟ್ಟಿ ಬದಲಿಸುತ್ತಾರೆ, ಮುಳ್ಳುಗಳಿಗೆ ಹೊಳೆಯುವ ಬಣ್ಣ ಹಚ್ಚಿಸುತ್ತಾರೆ, ತಾರೀಖಿನ ಮೇಲಿನ ಹಿಗ್ಗಿಸುವ ಗಾಜನ್ನು ಬದಲಿಸುತ್ತಾರೆ. ಅಸಲಿ ರೋಲೆಕ್ಸಿನಲ್ಲಿ ಆ ಗಾಜು ತಾರೀಖನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಗ್ಗದ ನಕಲಿನಲ್ಲಿ ಅಷ್ಟು ಶಕ್ತಿ ಇರದ ಕಾರಣ ಬಲ್ಲವರು ಮೊದಲು ನೋಡುವುದು ಅದನ್ನೇ. ಯಂತ್ರವನ್ನು ತೆಗೆದು ಮೇಲ್ದರ್ಜೆಯ ಯಂತ್ರ ಕೂರಿಸುವವರೂ ಇದ್ದಾರೆ. ಹೀಗೆ ಕೂಡಿಸುತ್ತ ಹೋದರೆ ಕೊಂಡ ಬೆಲೆಯ ನಾಲ್ಕೈದು ಪಟ್ಟು ಖರ್ಚಾಗುವುದುಂಟು. ಕೊನೆಗೆ ಕೈಯಲ್ಲಿ ಉಳಿಯುವುದು ಮಾರಾಟ ಮಾಡಲಾಗದ, ಬಿಲ್ಲಿಲ್ಲದ, ಖಾತರಿಯಿಲ್ಲದ ಒಂದು ಪದಾರ್ಥ. ನಾನು ಈ ದಾರಿಯಲ್ಲಿ ಅರ್ಧ ನಡೆದು ನಿಂತವನು, ಆದುದರಿಂದ ಲೆಕ್ಕ ಚೆನ್ನಾಗಿ ಗೊತ್ತು.

ಆದರೂ ಈ ಹಂಬಲವನ್ನು ಗೇಲಿ ಮಾಡಿ ತಳ್ಳಿಹಾಕುವುದು ತಪ್ಪಾದೀತು. ಯಂತ್ರ ಬಿಚ್ಚಿ ಮುಳ್ಳು ಕೂರಿಸುವುದು, ವೇಗ ಹೊಂದಿಸುವುದು, ತಟ್ಟೆಯ ಮೇಲೆ ಸೊಗಸಾಗಿ ಅಚ್ಚು ಮೂಡಿಸುವುದು, ಇವೆಲ್ಲ ನಿಜವಾದ ಕೈಗಾರಿಕೆ. ಅದರ ಕೂಲಿಯೂ ನ್ಯಾಯವಾದುದೇ. ಅದನ್ನು ಎಲ್ಲಿ ಬಳಸುತ್ತೇವೆ ಎಂಬುದಷ್ಟೇ ಪ್ರಶ್ನೆ.

ನಮ್ಮದೇ ನಾಡಿನ ಎಚ್.ಎಂ.ಟಿ.ಗೆ ಆದದ್ದು

ಈ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಹಿಂದುಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಡನೆ ಬೆಂಗಳೂರಿನಲ್ಲಿ ಕೈಗಡಿಯಾರ ಕಾರ್ಖಾನೆ ಆರಂಭಿಸಿತು. ಮುಂದೆ ತುಮಕೂರಿನಲ್ಲಿಯೂ ಘಟಕ ಬಂದಿತು. ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ್ ಎಂಬ ಹೆಸರುಗಳು ನಮ್ಮ ಹಿರಿಯ ಸದಸ್ಯರಿಗೆ ಇಂದಿಗೂ ಬಾಯಿಪಾಠ. ಕೀಲಿ ಕೊಡುವ ಜನತಾ ಗಡಿಯಾರದ ಒಳಗೆ 17 ಹರಳುಗಳ, ಗಂಟೆಗೆ 18,000 ಬಡಿತಗಳ ಸರಳ ಯಂತ್ರವಿತ್ತು. ಯಂತ್ರದ ವಿನ್ಯಾಸ ಮೂಲತಃ ಸಿಟಿಜನ್‌ನದು, ಒಪ್ಪಂದದ ಮೂಲಕ ಪಡೆದದ್ದು. ತಟ್ಟೆಯ ಮೇಲಿನ ಹೆಸರು ಮಾತ್ರ ಎಚ್.ಎಂ.ಟಿ.ಯದು. ಪರರ ವಿದ್ಯೆಯನ್ನು ಕಲಿತು ತನ್ನ ಹೆಸರಿನಲ್ಲಿ ಮಾರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಮುಚ್ಚುವ ಸುದ್ದಿ ಹರಡಿದಂತೆ ಹಳೆಯ ಎಚ್.ಎಂ.ಟಿ. ಗಡಿಯಾರಗಳಿಗೆ ಒಮ್ಮೆಲೇ ಬೇಡಿಕೆ ಹುಟ್ಟಿತು. ಬೇಡಿಕೆ ಇದ್ದಲ್ಲಿ ಮಾಲು ತಾನಾಗಿ ಹುಟ್ಟುತ್ತದೆಂಬುದು ವ್ಯಾಪಾರದ ನಿಯಮ. ಹಾಳಾದ ಎರಡು ಮೂರು ಗಡಿಯಾರಗಳ ಬಿಡಿಭಾಗ ಸೇರಿಸಿ ಒಂದು ಮಾಡುವುದು, ಮಾಸಿದ ತಟ್ಟೆಯನ್ನು ಕೆರೆದು ಹೊಸ ಬಣ್ಣ ಬಳಿದು ಹೆಸರನ್ನು ಮತ್ತೆ ಅಚ್ಚು ಹಾಕುವುದು, ಕಾರ್ಖಾನೆ ಎಂದೂ ತಯಾರಿಸದ ಕಡುಗೆಂಪು, ನವಿಲುಗರಿ ಬಣ್ಣಗಳಲ್ಲಿ 'ಅಪರೂಪದ ಪೈಲಟ್' ಮಾರುವುದು ದೊಡ್ಡ ದಂಧೆಯಾಗಿ ಬೆಳೆಯಿತು. ಸಂಗ್ರಾಹಕರು ಇಂಥವನ್ನು 'ಮುಂಬಯಿ ಸ್ಪೆಷಲ್' ಎಂದು ಕರೆಯುತ್ತಾರೆ. ಮುಂಬಯಿಯವರಿಗೆ ಇದು ಅನ್ಯಾಯವೇ ಸರಿ, ಏಕೆಂದರೆ ಈ ಕೆಲಸ ಎಲ್ಲ ಊರುಗಳಲ್ಲಿಯೂ ನಡೆಯುತ್ತದೆ.

ಗುರುತಿಸುವುದು ಕಷ್ಟವಲ್ಲ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಮರು ಅಚ್ಚಿನಲ್ಲಿ ಮಸಿ ದಪ್ಪವಾಗಿ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಸೇರುವುದಿಲ್ಲ. ತಟ್ಟೆ ಹೊಸದು, ಮುಳ್ಳುಗಳು ಹಳೆಯವು, ಅಥವಾ ಮುಳ್ಳಿನ ಹೊಳಪು ಒಂದು ಬಣ್ಣ, ತಟ್ಟೆಯ ಹೊಳಪು ಇನ್ನೊಂದು. ಮುಚ್ಚಳದ ಮೇಲೆ ಒಂದು ಮಾದರಿಯ ಸಂಖ್ಯೆ, ಒಳಗೆ ಬೇರೆ ಮಾದರಿಯ ಯಂತ್ರ. ಭೂತಗನ್ನಡಿ ಇದ್ದ ಯಾವ ದುರಸ್ತಿಗಾರನೂ ಎರಡು ನಿಮಿಷದಲ್ಲಿ ಹೇಳಬಲ್ಲ.

ಇಲ್ಲಿ ನ್ಯಾಯವಾದ ಕೆಲಸ ಮತ್ತು ಅನ್ಯಾಯದ ಕೆಲಸಗಳ ನಡುವಿನ ಗೆರೆ ಬಹಳ ತೆಳುವಾದುದು. ತಂದೆಯ ಜನತಾ ಗಡಿಯಾರವನ್ನು ಮಗ ತಂದುಕೊಟ್ಟು, ತಟ್ಟೆಯನ್ನು ಹೊಸದು ಮಾಡಿಕೊಡಿ ಎಂದರೆ ಅದು ಜೀರ್ಣೋದ್ಧಾರ. ಅದೇ ಕೈ, ಅದೇ ಬಣ್ಣ, ಅದೇ ಅಚ್ಚು ಬಳಸಿ ಸಿದ್ಧಪಡಿಸಿದ್ದನ್ನು 'ಕಾರ್ಖಾನೆಯ ಹಳೆಯ ದಾಸ್ತಾನು' ಎಂದು ಅಪರಿಚಿತನಿಗೆ ಮಾರಿದರೆ ಅದು ವಂಚನೆ. ವಸ್ತುವಿನಲ್ಲಿ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬಿಲ್ಲಿನ ಮೇಲೆ ಬರೆದ ವಿವರಣೆಯಲ್ಲಿ.

ಕಾನೂನಿನ ನಿಲುವು

ಈ ವಿಷಯದಲ್ಲಿ ನಮ್ಮ ಅನೇಕ ಸದಸ್ಯರಿಗೆ ಸ್ಪಷ್ಟ ತಿಳಿವಳಿಕೆ ಇಲ್ಲವೆಂಬುದು ನನ್ನ ಅನುಭವ. 'ಗ್ರಾಹಕನಿಗೆ ನಕಲೆಂದು ಹೇಳಿಯೇ ಮಾರುತ್ತೇವೆ, ತಪ್ಪೇನು?' ಎಂದು ಕೇಳುವವರು ಬಹಳ. 1999ರ ವ್ಯಾಪಾರ ಗುರುತುಗಳ ಅಧಿನಿಯಮವು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಅದರ 104ನೆಯ ಕಲಮಿನ ಪ್ರಕಾರ ಸುಳ್ಳು ವ್ಯಾಪಾರ ಗುರುತು ಹೊಂದಿದ ಸರಕನ್ನು ಮಾರುವುದು ಮಾತ್ರವಲ್ಲ, ಮಾರಾಟಕ್ಕೆ ಪ್ರದರ್ಶಿಸುವುದು, ಮಾರಾಟಕ್ಕಾಗಿ ತನ್ನ ವಶದಲ್ಲಿ ಇಟ್ಟುಕೊಳ್ಳುವುದು ಕೂಡ ಅಪರಾಧ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದೆ 3 ವರ್ಷದವರೆಗೆ ಸೆರೆವಾಸ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಎರಡನೆಯ ಬಾರಿ ಸಿಕ್ಕಿಬಿದ್ದರೆ ಕನಿಷ್ಠ ಶಿಕ್ಷೆಯೇ 1 ವರ್ಷ ಮತ್ತು 1 ಲಕ್ಷ ರೂಪಾಯಿ. ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ದಾಖಲಿಸಿ ನ್ಯಾಯಾಲಯವು ಕನಿಷ್ಠಕ್ಕಿಂತ ಕಡಿಮೆ ಮಾಡಬಹುದಾದರೂ ಆ ಭರವಸೆಯ ಮೇಲೆ ವ್ಯಾಪಾರ ನಡೆಸಲಾಗದು. ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು ರಿಜಿಸ್ಟ್ರಾರರ ಅಭಿಪ್ರಾಯ ಪಡೆದು ವಾರಂಟ್ ಇಲ್ಲದೆಯೇ ಶೋಧಿಸಿ ಮುಟ್ಟುಗೋಲು ಹಾಕಲು 115ನೆಯ ಕಲಮು ಅಧಿಕಾರ ನೀಡಿದೆ. ಗ್ರಾಹಕನಿಗೆ ನಕಲೆಂದು ಹೇಳಿದ್ದೇವೆಂಬ ಸಮಾಧಾನ ಇಲ್ಲಿ ರಕ್ಷಣೆ ನೀಡದು. ಅದು ತಾನು ತಿಳಿದೇ ಮಾರಿದೆನೆಂಬ ಒಪ್ಪಿಗೆಯೂ ಆಗಿಬಿಡುತ್ತದೆ.

ತಿಳಿಯದೆ ಮಾರಿದವನಿಗೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ತಕ್ಕ ಎಚ್ಚರಿಕೆಗಳನ್ನೆಲ್ಲ ವಹಿಸಿದ್ದನೆಂದೂ ಸಂಶಯಿಸಲು ಕಾರಣವಿರಲಿಲ್ಲವೆಂದೂ ರುಜುವಾತುಪಡಿಸಿ, ಮಾಲು ಯಾರಿಂದ ಬಂದಿತೆಂಬ ಸಂಪೂರ್ಣ ಮಾಹಿತಿಯನ್ನು ಒದಗಿಸಿದವನು ಪಾರಾಗಬಹುದು. ಇದಕ್ಕೆ ಬೇಕಾದುದು ಖರೀದಿಯ ಬಿಲ್ಲು. ಬಸ್ಸಿನ ಮೇಲೆ ಗಂಟುಕಟ್ಟಿ ಬಂದ ಮಾಲಿಗೆ ಯಾರು ಬಿಲ್ಲು ಕೊಟ್ಟಾರು?

ತಟ್ಟೆ ಅಚ್ಚು ಹಾಕುವ ಸಣ್ಣ ಘಟಕಗಳು 103ನೆಯ ಕಲಮನ್ನು ಓದಿಕೊಳ್ಳುವುದು ಒಳಿತು. ಅನ್ಯರ ಗುರುತನ್ನು ನಕಲು ಮಾಡಲು ಬಳಸುವ ಅಚ್ಚು, ಬ್ಲಾಕು, ಯಂತ್ರ, ಪ್ಲೇಟುಗಳನ್ನು ತಯಾರಿಸುವುದೂ ಹೊಂದಿರುವುದೂ ಅದರ ವ್ಯಾಪ್ತಿಗೆ ಬರುತ್ತದೆ. 'ನಾನು ಬರಿಯ ಅಚ್ಚಿನವನು, ಗಡಿಯಾರ ನನ್ನದಲ್ಲ' ಎಂಬ ಮಾತು ಸಾಲದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿಯೂ ನಕಲಿ ಸರಕಿನ ತಯಾರಿಕೆ, ದಾಸ್ತಾನು, ಮಾರಾಟ, ಆಮದುಗಳಿಗೆ ಪ್ರತ್ಯೇಕ ಶಿಕ್ಷೆ ಇದೆ. ಹೊರದೇಶದಿಂದ ತರಿಸುವವರಿಗೆ 2007ರ ಬೌದ್ಧಿಕ ಸ್ವತ್ತಿನ ಆಮದು ನಿಯಮಗಳ ಅನ್ವಯ ಕಸ್ಟಮ್ಸ್‌ನವರು ಬಂದರಿನಲ್ಲಿಯೇ ಮಾಲು ತಡೆಯಬಲ್ಲರು. ಸ್ವಂತ ಕೈಗೆ ಕಟ್ಟಿಕೊಂಡು ತಿರುಗುವವನನ್ನು ವ್ಯಾಪಾರ ಗುರುತಿನ ಈ ದಂಡನೆಯ ಕಲಮುಗಳು ಗುರಿಯಾಗಿಸಿಲ್ಲ. ಹೊರೆಯೆಲ್ಲ ವ್ಯಾಪಾರಿಯದು.

ಇನ್ನು ಅಸಲಿ ಗಡಿಯಾರವನ್ನೇ ಕೊಂಡು ಮಾರ್ಪಡಿಸಿ ಮಾರುವವರ ವಿಷಯ. ಒಮ್ಮೆ ನ್ಯಾಯವಾಗಿ ಮಾರಾಟವಾದ ವಸ್ತುವನ್ನು ಮರುಮಾರಾಟ ಮಾಡಲು ಅಧಿನಿಯಮದ 30ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಮಾರುಕಟ್ಟೆಗೆ ಬಂದ ಬಳಿಕ ಸರಕಿನ ಸ್ಥಿತಿ ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ ಗುರುತಿನ ಒಡೆಯನು ಆಕ್ಷೇಪಿಸಲು ನ್ಯಾಯವಾದ ಕಾರಣವಿದೆಯೆಂದು ಅದೇ ಕಲಮು ಹೇಳುತ್ತದೆ.

ಹೊರದೇಶದ ಮೂರು ಮೊಕದ್ದಮೆಗಳು ಇಲ್ಲಿ ಉಪಯುಕ್ತ. ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯವು 2024ರ ಜನವರಿ 19ರಂದು ರೋಲೆಕ್ಸ್ ಮತ್ತು ಆರ್ಟಿಸಾನ್ಸ್ ದ ಜಿನೀವ್ ಎಂಬ ಕಾರ್ಯಾಗಾರದ ನಡುವಿನ ವ್ಯಾಜ್ಯದಲ್ಲಿ, ಗ್ರಾಹಕನು ತನ್ನದೇ ಗಡಿಯಾರವನ್ನು ತಂದುಕೊಟ್ಟು ಸ್ವಂತ ಬಳಕೆಗಾಗಿ ಮಾರ್ಪಾಟು ಮಾಡಿಸಿಕೊಳ್ಳುವುದು ತಪ್ಪಲ್ಲವೆಂದಿತು. ಮಾರ್ಪಡಿಸಿದ ಗಡಿಯಾರಗಳನ್ನು ರೋಲೆಕ್ಸ್ ಹೆಸರಿನೊಂದಿಗೆ ಮಾರುಕಟ್ಟೆಗೆ ಬಿಡುವುದು ಮಾತ್ರ ಒಪ್ಪಿಗೆಯಿಲ್ಲದೆ ಸಲ್ಲದು. ಅದೇ ತಿಂಗಳಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹಳೆಯ ರೋಲೆಕ್ಸ್‌ಗಳಿಗೆ ಹೊರಗಿನ ಭಾಗಗಳನ್ನು ಸೇರಿಸಿ ಮಾರುತ್ತಿದ್ದ ಬೆಕರ್‌ಟೈಮ್ ಎಂಬ ವ್ಯಾಪಾರ ಸಂಸ್ಥೆಯು ಗುರುತಿನ ಉಲ್ಲಂಘನೆ ಮಾಡಿದೆಯೆಂಬ ತೀರ್ಪನ್ನು ಎತ್ತಿಹಿಡಿಯಿತು. ಇವೆರಡಕ್ಕೂ ಮುಂಚೆ, 2021ರಲ್ಲಿ, ಅಮೆರಿಕದ ಇನ್ನೊಂದು ಮೇಲ್ಮನವಿ ನ್ಯಾಯಾಲಯವು ವೋರ್ಟಿಕ್ ಎಂಬ ಸಣ್ಣ ತಯಾರಕ ಸಂಸ್ಥೆಯ ಪರವಾಗಿ ನಿಂತಿತು. ಹ್ಯಾಮಿಲ್ಟನ್ ಕಂಪನಿಯ ಹಳೆಯ ಜೇಬುಗಡಿಯಾರಗಳ ಯಂತ್ರ ಮತ್ತು ತಟ್ಟೆಗಳನ್ನು ಹೊಸ ಕವಚದಲ್ಲಿ ಕೂರಿಸಿ ಆ ಸಂಸ್ಥೆ ಕೈಗಡಿಯಾರಗಳನ್ನಾಗಿಸುತ್ತಿತ್ತು. ತಟ್ಟೆಯ ಮೇಲೆ ಹ್ಯಾಮಿಲ್ಟನ್ ಹೆಸರು ಹಾಗೆಯೇ ಇತ್ತು. ಆದರೂ ವೋರ್ಟಿಕ್ ಗೆದ್ದುದೇಕೆಂದರೆ ಯಾವ ಭಾಗ ಹಳೆಯದು, ಯಾವುದು ಹೊಸದು, ಜೋಡಿಸಿದವರು ಯಾರು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಪ್ರಕಟಿಸಿತ್ತು. ಭಾರತದ ನ್ಯಾಯಾಲಯಗಳು ಇವಕ್ಕೆ ಬದ್ಧವಲ್ಲ. ಆದರೆ ನಮ್ಮ ದುರಸ್ತಿಗಾರರು ದಿನನಿತ್ಯ ಎದುರಿಸುವ ಮೂರು ಸಂದರ್ಭಗಳು ಇವೇ ಆಗಿರುವುದನ್ನು ಗಮನಿಸಬೇಕು.

ಗಿರಣಿಯ ಚೀಲದಿಂದ ನೋಡಿದರೆ

ಸ್ವಿಸ್ ಕೋಟ್ಯಧೀಶನಿಗೆ ನಷ್ಟವಾದರೆ ಅರಕೇರಾದ ಬಡ ವ್ಯಾಪಾರಿಗೇನು ಎಂಬ ವಾದವನ್ನೂ ಕೇಳಿದ್ದೇನೆ. ಸಿಂಧನೂರು, ಮಾನ್ವಿ, ರಾಯಚೂರುಗಳ ಅಕ್ಕಿ ಗಿರಣಿಯ ಮಾಲೀಕರು ತಮ್ಮ ಸೋನಾ ಮಸೂರಿಯ ಚೀಲದ ಮೇಲೆ ಒಂದು ಹೆಸರು, ಒಂದು ಚಿತ್ರ ಅಚ್ಚು ಹಾಕಿಸಿ, ಆ ಹೆಸರಿಗೆ ಬೆಲೆ ಬರುವಂತೆ ಮಾಡಲು ಹತ್ತು ಹದಿನೈದು ವರ್ಷ ದುಡಿಯುತ್ತಾರೆ. ಅದೇ ಚೀಲವನ್ನು ಇನ್ನೊಬ್ಬನು ಅಚ್ಚು ಹಾಕಿಸಿ ನುಚ್ಚು ಬೆರೆತ ಅಕ್ಕಿ ತುಂಬಿ, 'ಸಣ್ಣ ದೋಷ, ಸಹಿಸಿಕೊಳ್ಳಿ, ಬೆಲೆಯೂ ಕಡಿಮೆಯಿದೆ' ಎಂದರೆ ಗಿರಣಿಯವರು ಏನನ್ನುತ್ತಾರೆ? ನಕಲಿ ಹತ್ತಿ ಬೀಜದಿಂದ ಹೊಲವೇ ಹಾಳಾದ ರೈತರನ್ನು ಕಂಡ ಜಿಲ್ಲೆ ನಮ್ಮದು. ಬೀಜದ ಪೊಟ್ಟಣದ ಮೇಲಿನ ಹೆಸರನ್ನು ನಂಬಿಯೇ ರೈತನು ಸಾಲ ಮಾಡುತ್ತಾನೆ. ಗಡಿಯಾರ ಹೋದರೆ ಒಂದು ಮಣಿಕಟ್ಟು ಬರಿದಾಗುತ್ತದೆ, ಬೀಜ ಹೋದರೆ ಒಂದು ವರ್ಷವೇ ಹೋಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ಆದರೆ ಎರಡೂ ಕಡೆ ಕದ್ದಿರುವುದು ಹೆಸರನ್ನೇ.

ತೆರೆದಿರುವ ದಾರಿ

ಯಂತ್ರದ ನಕಲು ಬೇರೆ, ಹೆಸರಿನ ನಕಲು ಬೇರೆ. ಪೇಟೆಂಟಿನ ಅವಧಿ ಸಾಮಾನ್ಯವಾಗಿ 20 ವರ್ಷ. ಇ.ಟಿ.ಎ. 2824 ಎಂಬ ಪ್ರಸಿದ್ಧ ಸ್ವಿಸ್ ಯಂತ್ರದ ವಿನ್ಯಾಸ ಹಲವು ದಶಕಗಳಷ್ಟು ಹಳೆಯದು. ಆದುದರಿಂದ ಸ್ವಿಟ್ಜರ್ಲೆಂಡಿನ ಸೆಲಿಟಾ ಕಂಪನಿಯೂ ಚೀನಾದ ಸೀಗಲ್ ಕಂಪನಿಯೂ ಅದೇ ಬಗೆಯ ಯಂತ್ರಗಳನ್ನು ತಮ್ಮ ತಮ್ಮ ಹೆಸರಿನಲ್ಲಿ ಬಹಿರಂಗವಾಗಿ ಮಾರುತ್ತಿವೆ. ಯಾರಿಂದಲೂ ತಕರಾರಿಲ್ಲ. ವ್ಯಾಪಾರ ಗುರುತಿಗಾದರೋ 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಕೊನೆಯೇ ಇಲ್ಲ. ಹಾಗೆಯೇ ತಟ್ಟೆಯ ಮೇಲೆ ಸ್ವಿಸ್ ಮೇಡ್ ಎಂದು ಬರೆಯಲು, 2017ರಿಂದ, ತಯಾರಿಕಾ ವೆಚ್ಚದ ಶೇಕಡಾ 60ರಷ್ಟಾದರೂ ಸ್ವಿಟ್ಜರ್ಲೆಂಡಿನದಾಗಿರಬೇಕು. ನಾನು ಕೊಂಡ ಗಡಿಯಾರದ ಮೇಲೂ ಆ ಎರಡು ಪದಗಳು ರಾಜಾರೋಷವಾಗಿ ಕೂತಿದ್ದವು.

ನಮ್ಮ ನಾಡಿನಲ್ಲಿ ಇದಕ್ಕೆ ಬೇಕಾದ ವಿದ್ಯೆಯ ಕೊರತೆಯಿಲ್ಲ. ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಕಾರ್ಖಾನೆ ಹೂಡಿದ ಟೈಟಾನ್ ಸಂಸ್ಥೆಯು ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮದ ಜಂಟಿ ಉದ್ಯಮವಾಗಿ 1984ರಲ್ಲಿ ಸ್ಥಾಪನೆಗೊಂಡಿತು. ಮೊದಲಿಗೆ ಫ್ರಾನ್ಸಿನಿಂದ ವಿದ್ಯೆ ಪಡೆಯಿತು. 2002ರಲ್ಲಿ ಅದು ಹೊರತಂದ ಎಡ್ಜ್ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಚಂಡೀಗಢದ ಕೆ.ಡಿ.ಡಿ.ಎಲ್. ಕಂಪನಿಯು ಬೆಂಗಳೂರಿನ ಘಟಕದಲ್ಲಿ ಗಡಿಯಾರದ ಮುಳ್ಳುಗಳನ್ನು ತಯಾರಿಸಿ ಸ್ವಿಸ್ ಕಂಪನಿಗಳಿಗೂ ಪೂರೈಸುತ್ತದೆ. 2018ರಲ್ಲಿ ಆರಂಭವಾದ ಬೆಂಗಳೂರು ವಾಚ್ ಕಂಪನಿಯು ಸ್ವಿಸ್ ಯಂತ್ರಗಳನ್ನು ತರಿಸಿ, ಭಾರತದ ವಾಯುಪಡೆ, ಕ್ರಿಕೆಟ್, ಬಾಹ್ಯಾಕಾಶ ಸಾಧನೆಗಳನ್ನು ವಸ್ತುವಾಗಿಸಿಕೊಂಡ ಗಡಿಯಾರಗಳನ್ನು ತನ್ನದೇ ಹೆಸರಿನಲ್ಲಿ ಮಾರುತ್ತಿದೆ. ಇದು ದಂಪತಿಗಳಿಬ್ಬರು ಆರಂಭಿಸಿದ ಸಣ್ಣ ಉದ್ದಿಮೆ ಎಂಬುದನ್ನು ನಮ್ಮ ಸಣ್ಣ ತಯಾರಕರು ಗಮನಿಸಬೇಕು.

ಮಾರ್ಪಾಟಿನಲ್ಲಿ ಆಸಕ್ತಿಯುಳ್ಳ ಅಂಗಡಿಯವರು ಇಷ್ಟು ದೊಡ್ಡದಾಗಿ ಯೋಚಿಸಬೇಕೆಂದೇನೂ ಇಲ್ಲ. ಹೆಸರಿಲ್ಲದ ಕವಚ, ಹೆಸರಿಲ್ಲದ ತಟ್ಟೆ, ಎನ್.ಎಚ್.35 ಅಥವಾ ಮಿಯೋಟಾ ಯಂತ್ರ, ಇವು ಬಿಡಿಯಾಗಿ ಬಿಲ್ಲಿನ ಸಹಿತ ದೊರೆಯುತ್ತವೆ. ಕವಚದ ಆಕಾರ ಇನ್ನೊಬ್ಬರ ನೋಂದಾಯಿತ ವಿನ್ಯಾಸವಲ್ಲವೆಂಬುದನ್ನು ಮಾತ್ರ ನೋಡಿಕೊಳ್ಳಬೇಕು. ವಧೂವರರ ಹೆಸರು, ಮದುವೆಯ ತಾರೀಖು, ಕನ್ನಡದ ಅಂಕಿಗಳು, ಊರಿನ ಗುಡಿಯ ಚಿತ್ರ, ಏನು ಬೇಕಾದರೂ ಅಚ್ಚು ಹಾಕಿಕೊಡಬಹುದು. ಅಳಿಯನ ಕೈಯಲ್ಲಿ ಸುಳ್ಳು ರೋಲೆಕ್ಸಿಗಿಂತ ತನ್ನ ಹೆಸರಿನದೇ ಗಡಿಯಾರ ಚೆನ್ನಾಗಿ ಕಂಡೀತೆಂದು ನನ್ನ ಎಣಿಕೆ. ಮಾವಂದಿರ ಅಭಿಪ್ರಾಯ ಬೇರೆಯಿರಬಹುದು. ಯಂತ್ರದ ವೇಗ ಅಳೆಯುವ ಉಪಕರಣ, ಮುಚ್ಚಳ ಒತ್ತುವ ಪ್ರೆಸ್ಸು, ನೀರಿನ ಒತ್ತಡ ಪರೀಕ್ಷಿಸುವ ಸಾಧನ, ಈ ಮೂರು ಅಂಗಡಿಯಲ್ಲಿದ್ದರೆ ದೋಷವನ್ನು ಅಳೆದು ಬರೆದುಕೊಡಬಹುದು: 'ದಿನಕ್ಕೆ 18 ಸೆಕೆಂಡು ಮುಂದೆ, ನೀರಿನಲ್ಲಿ ಮುಳುಗಿಸಬಾರದು.' ಪೊಟ್ಟಣ ಕಟ್ಟಿ ಮಾರುವವರು 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕನ ಅಥವಾ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಬೆಲೆಗಳನ್ನು ಮುದ್ರಿಸುವುದನ್ನು ಮರೆಯಬಾರದು.

ಸ್ವಂತ ಹೆಸರನ್ನು ನೋಂದಾಯಿಸಿಕೊಳ್ಳುವುದೂ ಜನ ಭಾವಿಸಿರುವಷ್ಟು ದುಬಾರಿಯಲ್ಲ. ಗಡಿಯಾರಗಳು 14ನೆಯ ವರ್ಗಕ್ಕೆ ಬರುತ್ತವೆ. 2017ರ ನಿಯಮಗಳಂತೆ ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ಇತರರಿಗೆ 9,000 ರೂಪಾಯಿ. ಅಕ್ಕಿ ಗಿರಣಿಯವರು 30ನೆಯ ವರ್ಗದಲ್ಲಿ ಅರ್ಜಿ ಹಾಕಬೇಕು. ಇನ್ನೂ ಹಾಕದವರು ನಮ್ಮ ಸದಸ್ಯರಲ್ಲಿಯೇ ಅನೇಕರಿದ್ದಾರೆಂಬುದು ಬೇಸರದ ಸಂಗತಿ.

ನನ್ನ ಗಡಿಯಾರದ ಕಥೆ ಅರ್ಧಕ್ಕೆ ನಿಂತಿತ್ತು. ಅರಕೇರಾದ ಆ ದುರಸ್ತಿಗಾರರು ಅದನ್ನು 'ಅಸಲಿ' ಮಾಡಿಕೊಡಲು ಒಪ್ಪಲಿಲ್ಲ. ಬೇಕಾದರೆ ಹೆಸರು ತೆಗೆದುಕೊಡುತ್ತೇನೆಂದರು. ಹೆಸರು ಐದು ಕಡೆ ಇತ್ತು: ತಟ್ಟೆಯ ಮೇಲೆ, ಕೀಲಿಯ ತುದಿಯಲ್ಲಿ, ಗಾಜಿನ ಒಳ ಅಂಚಿನ ಉಂಗುರದಲ್ಲಿ, ಪಟ್ಟಿಯ ಕೊಂಡಿಯಲ್ಲಿ, ಹಿಂಬದಿಯ ಮುಚ್ಚಳದಲ್ಲಿ. ತಟ್ಟೆ, ಕೀಲಿ, ಮುಚ್ಚಳಗಳನ್ನು ಬದಲಿಸಿದರು. ಉಂಗುರವನ್ನು ಉಜ್ಜಿ ನಯಗೊಳಿಸಿದರು. ಉಕ್ಕಿನ ಪಟ್ಟಿಯನ್ನು ತೆಗೆದು ರಾಯಚೂರಿನಲ್ಲಿ ಕೊಂಡ ಚರ್ಮದ ಪಟ್ಟಿ ಹಾಕಿದರು. ತಾರೀಖಿನ ಕಿಟಕಿಯಿಲ್ಲದ ತಟ್ಟೆಯನ್ನೇ ಆರಿಸಿದ್ದರಿಂದ ಹತ್ತೂವರೆಯ ತೊಂದರೆಯೂ ಮರೆಯಾಯಿತು. ತಟ್ಟೆಯ ಮೇಲೆ ಏನು ಬರೆಯಲೆಂದು ಕೇಳಿದಾಗ ನನಗೆ ಒಮ್ಮೆಲೇ ಏನೂ ತೋಚಲಿಲ್ಲ, ಹಾಗೆಯೇ ಬಿಡಿ ಎಂದೆ. ಇದನ್ನು ಮಾರುವಂತಿಲ್ಲ, ಮಾರುವ ಉದ್ದೇಶವೂ ಇಲ್ಲ. ದಿನಕ್ಕೆ 12 ಸೆಕೆಂಡು ಹಿಂದೆ ಹೋಗುತ್ತದೆಂದು ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಸೋಮವಾರ ಬೆಳಗ್ಗೆ ಮಾರುಕಟ್ಟೆಗೆ ಹೊರಡುವ ಮುನ್ನ ಒಂದೂವರೆ ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳುತ್ತೇನೆ.